ಇಳಿಯುವ ನೀರು, ಏರುವ ನೀರು



ಕಡೂರು, ಅಜ್ಜಂಪುರದ ಬಯಲಿನವರಿಗೆ ಭದ್ರೆಯ ಮೇಲೆ ಹಳೆಯದೊಂದು ಮುನಿಸಿದೆ. ಅಣೆಕಟ್ಟು ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ನಾಲೆ ಹಿಡಿದ ನೀರು ಹೋಗುವುದು ಭದ್ರಾವತಿ, ದಾವಣಗೆರೆಯ ಗದ್ದೆಗಳಿಗೆ.

ಆ ಅಣೆಕಟ್ಟಿನಲ್ಲಿ ಕರೆಂಟೂ ಹುಟ್ಟುತ್ತದೆ. ಹೊಳೆಯಿಂದ ಕರೆಂಟು ತೆಗೆಯುವ ಕೆಲಸ ಮೈಸೂರು ಸಂಸ್ಥಾನಕ್ಕೆ ಹೊಸದಾಗಿರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹಿಡಿದ ಶಿವನಸಮುದ್ರದ ಕೆಲಸ 1902ರಲ್ಲಿ ಕೈಗೂಡಿತು. ನೋಡಲು ಅವರೇ ಇರಲಿಲ್ಲ, ಹಿಂದಿನ ವರ್ಷ ತೀರಿಕೊಂಡಿದ್ದರು. ಆ ಕರೆಂಟು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ. ಜೋಗದ ಕೇಂದ್ರ 1948ರಲ್ಲಿ ಬಂತು.

ಲಕ್ಕವಳ್ಳಿಯದು ಬೇರೆ ಜಾತಿ. ಸ್ವಾತಂತ್ರ್ಯದ ಹೊತ್ತಿಗೆ ಶುರುವಾಗಿ 1960ರ ದಶಕದಲ್ಲಿ ಮುಗಿದ ಈ ಅಣೆಕಟ್ಟು ಮೊದಲು ಗದ್ದೆಗೆ, ಆಮೇಲೆ ದೀಪಕ್ಕೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ನೂರು ಮೀಟರ್ ಇಳಿದರೆ ಲೆಕ್ಕದಲ್ಲಿ ಸುಮಾರು ಸಾವಿರ ಕಿಲೋವ್ಯಾಟ್. ಶರಾವತಿಗೆ ಆ ಎತ್ತರವಿದೆ, ಅಲ್ಲಿಯ ಒಂದೇ ಕೇಂದ್ರ 1,035 ಮೆಗಾವ್ಯಾಟಿನದು. ಭದ್ರಾ ಅಣೆಕಟ್ಟೆಯ ಎತ್ತರವೇ ಅರವತ್ತು ಮೀಟರಿನ ಆಸುಪಾಸು, ಅಲ್ಲಿಯ ಯಂತ್ರಗಳನ್ನೆಲ್ಲ ಕೂಡಿದರೂ ನಲವತ್ತು ಮೆಗಾವ್ಯಾಟಿನ ಒಳಗೇ. ನಾಲೆಯ ಮೇಲೆ ಕೂತ ಯಂತ್ರಗಳಿಗಂತೂ ಭತ್ತದ ಹಂಗಾಮೇ ಪಂಚಾಂಗ. ನಾಲೆ ನಿಂತರೆ ಅವೂ ನಿಲ್ಲುತ್ತವೆ.

ಕರೆಂಟು ತೆಗೆದ ನೀರಿನಲ್ಲಿ ಸತ್ವವಿರುವುದಿಲ್ಲ ಎಂಬ ಮಾತು ಒಂದು ಕಾಲಕ್ಕೆ ದೇಶದ ಹಲವೆಡೆ ಓಡಾಡುತ್ತಿತ್ತು. ಟರ್ಬೈನಿನ ರೆಕ್ಕೆ ತಿರುಗಿಸಿ ಬಂದ ನೀರು ಒಂದು ಕೊಡವೂ ಕಡಿಮೆಯಾಗಿರುವುದಿಲ್ಲ. ಕಳೆದುಕೊಳ್ಳುವುದು ಎತ್ತರವನ್ನು ಮಾತ್ರ. ಆ ಎತ್ತರವನ್ನು ಮರಳಿ ಕೊಡಬೇಕೆಂದರೆ ಮಾತ್ರ ದುಬಾರಿ.

ಭದ್ರಾ ಮೇಲ್ದಂಡೆ ಯೋಜನೆ ಈಗ ಮಾಡುತ್ತಿರುವುದು ಅದನ್ನೇ. ತುಂಗೆಯಿಂದ 17.4, ಭದ್ರೆಯಿಂದ 12.5 ಟಿಎಂಸಿ ನೀರನ್ನು ಮೇಲೆತ್ತಿ ಪೂರ್ವಕ್ಕೆ ತಿರುಗಿಸುವ ಲೆಕ್ಕ ಅದರದು. ತರೀಕೆರೆ ತಾಲ್ಲೂಕಿನಲ್ಲಿ ಪಂಪು ಎತ್ತಿದ ನೀರು ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರಿನ ಸುರಂಗ ದಾಟುತ್ತದೆ. 2019ರಲ್ಲಿ ಹಾಗೆ ಹೊರಟ ಭದ್ರೆಯ ನೀರು ವಾಣಿವಿಲಾಸ ಸಾಗರ ಸೇರಿತು. ಕಡೂರಿನ ವೇದಾವತಿ ನೂರು ವರ್ಷಕ್ಕೂ ಮಿಗಿಲಾಗಿ ತುಂಬಿಸುತ್ತ ಬಂದ ಜಲಾಶಯ ಅದು.

ಹೊಳೆ ಇಳಿದಾಗ ಕೊಟ್ಟಷ್ಟು ಕರೆಂಟಿನಲ್ಲಿ ಅದೇ ನೀರನ್ನು ಅಷ್ಟೇ ಎತ್ತರಕ್ಕೆ ಏರಿಸಲಾಗದು. ಟರ್ಬೈನು, ತಂತಿ, ಪಂಪು ಎಲ್ಲವೂ ತಮ್ಮ ಪಾಲು ಮುರಿದುಕೊಳ್ಳುತ್ತವೆ. ಒಣಗಿದ ತೆಂಗಿನ ತೋಟದ ಮುಂದೆ ನಿಂತು ಇದನ್ನು ದಂಡದ ಖರ್ಚು ಎನ್ನಲಾರೆ. ಆದರೆ ಹೀಗೆ ಏರಿಸಿದ ನೀರನ್ನು ಗದ್ದೆಯಲ್ಲಿ ನಿಲ್ಲಿಸುವಂತೆ ಹೊಲಕ್ಕೆ ಹಾಯಿಸಿದರೆ ಒಪ್ಪಲಾರೆ. ಯೋಜನೆಯ ಕಾಗದದಲ್ಲಿ ಹನಿ ನೀರಾವರಿ ಎಂದಿದೆ. ಹೊಲದಲ್ಲೂ ಅದೇ ಆಗಬೇಕು.