ಫೀಸಿನ ಮಾತು ಬರೆಯದ ವಕಾಲತ್ತು



ಮೋಟಾರು ಅಪಘಾತ ಪರಿಹಾರ ಎಂದರೆ ನಾವು ಲೆಕ್ಕದಿಂದಲೇ ಶುರುಮಾಡುತ್ತೇವೆ. 2009ರ ಸರಳಾ ವರ್ಮಾ ತೀರ್ಪಿನ ಗುಣಕ, 2017ರ ಪ್ರಣಯ್ ಸೇಠಿ ತೀರ್ಪಿನ ಭವಿಷ್ಯದ ಆದಾಯ, ಇವನ್ನು ಮಧ್ಯಾಹ್ನದ ಗೋಷ್ಠಿಯ ಗೆಳೆಯರು ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ನನ್ನ ತಕರಾರು ಬೇರೆ. ಕಕ್ಷಿದಾರನ ಜೊತೆ ಕೂತು ಮಾತಾಡುವುದನ್ನೇ ನಮ್ಮಲ್ಲಿ ಬಹಳ ಜನ ಬಿಟ್ಟಿದ್ದೇವೆ. ಆಸ್ಪತ್ರೆಯ ವಾರ್ಡಿನಲ್ಲಿ ಮಧ್ಯವರ್ತಿ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಾನೆ. ವಕೀಲರು ಕಕ್ಷಿದಾರನ ಮುಖ ನೋಡುವುದು ಸಾಕ್ಷಿ ನುಡಿಸುವ ದಿನ.

ಗಾರೆ ಕೆಲಸದವರೊಬ್ಬರ ಪ್ರಕರಣ ಹೇಳುತ್ತೇನೆ. ಲಾರಿ ತಾಗಿ ಮಂಡಿ ಮುರಿದಿತ್ತು. ಅದೇ ಮಂಡಿಗೆ ಹಿಂದೊಮ್ಮೆ ಕಟ್ಟಡದ ಮೇಲಿಂದ ಜಾರಿಬಿದ್ದು ಪೆಟ್ಟಾಗಿತ್ತು. "ಅದನ್ನೆಲ್ಲ ಬಾಯಿಬಿಡಬೇಡ" ಎಂದು ಮಧ್ಯವರ್ತಿ ಹೇಳಿಕೊಟ್ಟಿದ್ದ. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಹಳೆಯ ಎಕ್ಸ್‌ರೇ ಮುಂದಿಟ್ಟರು. ಆಮೇಲೆ ಹೊಸ ಪೆಟ್ಟನ್ನೂ ನ್ಯಾಯಮಂಡಳಿ ಅನುಮಾನದಿಂದಲೇ ನೋಡಿತು. ಮೊದಲೇ ಹೇಳಿದ್ದರೆ ಹಳೆಯದೆಷ್ಟು, ಲಾರಿಯಿಂದ ಆದದ್ದೆಷ್ಟು ಎಂದು ಮೂಳೆ ವೈದ್ಯರು ವಿಂಗಡಿಸಿ ಹೇಳುತ್ತಿದ್ದರು. 

ಕೇಳಿ ತಿಳಿಯಬೇಕಾದದ್ದು ಗಾಯದ ಬಗ್ಗೆ ಮಾತ್ರವಲ್ಲ, ದುಡಿಮೆಯ ಬಗ್ಗೆಯೂ. ಎಡಗೈ ಕಳೆದುಕೊಂಡ ಚಾಲಕನ ದುಡಿಮೆ ಪೂರ್ತಿ ನಿಲ್ಲಬಹುದು, ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಸಂಬಳ ಹಾಗೇ ಉಳಿಯಬಹುದು ಎಂದು 2010ರ ರಾಜ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಅಂಗವೈಕಲ್ಯ ಪ್ರಮಾಣಪತ್ರದ ಶೇಕಡಾವಾರು ಅಂಕಿ ಅಷ್ಟರಿಂದಲೇ ಏನನ್ನೂ ಹೇಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಯಾವುದು ಆಗುವುದಿಲ್ಲ, ಯಾವುದು ಇನ್ನೂ ಆಗುತ್ತದೆ ಎಂಬುದನ್ನು ಅವನೇ ನಮಗೆ ಹೇಳಬೇಕು. ವಕೀಲರಿಗೆ ಹೇಳಿದ ಗುಟ್ಟನ್ನು ಹಿಂದೆ ಸಾಕ್ಷ್ಯ ಕಾಯ್ದೆಯ 126ನೆಯ ಸೆಕ್ಷನ್ ಕಾಯುತ್ತಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯದು ಕಾಯುತ್ತದೆ. ಆ ರಕ್ಷಣೆ ನಿನಗಿದೆ ಎಂದು ಕಕ್ಷಿದಾರನಿಗೆ ನಮ್ಮಲ್ಲಿ ಎಷ್ಟು ಜನ ಹೇಳುತ್ತೇವೆ?

ನಿಜ ಹೇಳು ಎಂದು ಅವನನ್ನು ಕೇಳುವ ಮೊದಲು ನಾವೇ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಅದು ನಮ್ಮ ಫೀಸಿನ ಪ್ರಶ್ನೆ, ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಫಲಿತಾಂಶ ನೋಡಿ ಫೀಸು ಗೊತ್ತುಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಆದರೂ ಇಷ್ಟಕ್ಕೆ ಇಷ್ಟು ಎಂಬ ಮಾತು ಕೋರ್ಟಿನ ಆವರಣದಲ್ಲಿ ನಡೆಯುತ್ತದೆ. ಬರೆಯುವಂತಿಲ್ಲ, ಹಾಗಾಗಿ ಬಾಯಿಮಾತಿನಲ್ಲೇ ಉಳಿಯುತ್ತದೆ. ಹಣ ಬಂದ ದಿನ ಜಗಳ ಶುರು. ನಿಯಮವನ್ನು ಅಕ್ಷರಶಃ ಪಾಲಿಸೋಣವೆಂದರೆ, ಕಾಲು ಮುರಿದು ಕೂಲಿ ನಿಂತವನು ಮುಂಗಡ ಎಲ್ಲಿಂದ ತರಬೇಕು? ಹಂತಹಂತಕ್ಕೆ ನಿಗದಿ ಫೀಸು ಬರೆದು, ವಸೂಲಿ ಮಾತ್ರ ಪರಿಹಾರ ಬಂದ ಮೇಲೆ ಎನ್ನಬಹುದು. ಆದರೆ ಸೋತರೆ ಅದನ್ನು ಕೇಳುತ್ತೇವೆಯೆ? ಕೇಳದಿದ್ದರೆ ಅದೂ ಫಲಿತಾಂಶಕ್ಕೆ ಕಟ್ಟಿದ ಫೀಸೇ ಅಲ್ಲವೆ?

ಪರಿಷತ್ತಿನ ಸದಸ್ಯರು ಈ ಸಭೆಯಲ್ಲಿದ್ದಾರೆ. ಮಧ್ಯಾಹ್ನದ ಗೋಷ್ಠಿ ಗುಣಕವನ್ನು ಪಕ್ಕಕ್ಕಿಟ್ಟು ಮೊದಲು ಈ ಫೀಸಿನ ಪ್ರಶ್ನೆಯನ್ನೇ ಚರ್ಚಿಸಲಿ ಎಂದು ವಿನಂತಿಸುತ್ತೇನೆ.