ಊಟಕ್ಕೆ ಮುಂಚಿನ ಲೆಕ್ಕ

ಮಧ್ಯಾಹ್ನದ ಊಟದ ಗಂಟೆ ಹೊಡೆಯುತ್ತದೆ. ಎಲ್ಲರೂ ಡಬ್ಬಿ ಬಿಚ್ಚುತ್ತಾರೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ಮೊದಲು ಕೈ ತೊಳೆದು ಬಂದು, ಬ್ಯಾಗಿನಿಂದ ಪುಟ್ಟ ಚೀಲವೊಂದನ್ನು ತೆಗೆಯುತ್ತಾಳೆ. ಬೆರಳಿನ ತುದಿಯ ಪಕ್ಕಕ್ಕೆ ಒಂದು ಚುಚ್ಚು. ತುದಿಯ ನಡುವಿಗಿಂತ ಅಲ್ಲಿ ನೋವು ಕಡಿಮೆ. ಪುಟ್ಟ ಹನಿ ರಕ್ತ ಬರುತ್ತದೆ. ಸ್ಟ್ರಿಪ್ಪಿನ ಅಂಚು ಅದನ್ನು ತಾನೇ ಹೀರಿಕೊಳ್ಳುತ್ತದೆ. ಕೆಲವೇ ಸೆಕೆಂಡಿನಲ್ಲಿ ಗ್ಲುಕೋಮೀಟರಿನ ಮೇಲೆ ಅಂಕೆ ಮೂಡುತ್ತದೆ: 142. ಡಬ್ಬಿಯಲ್ಲಿ ಎರಡು ಚಪಾತಿ, ಒಂದಿಷ್ಟು ಮೊಸರನ್ನ. ಮುಂದಿನ ಪೀರಿಯಡ್ ಆಟದ್ದು. ಇಷ್ಟನ್ನೂ ಮನಸ್ಸಿನಲ್ಲೇ ಕೂಡಿ ಕಳೆದು, ಇನ್ಸುಲಿನ್ ಪೆನ್ನಿನ ತುದಿ ತಿರುಗಿಸಿ, ಹೊಟ್ಟೆಯ ಚರ್ಮದಡಿ ಚುಚ್ಚಿಕೊಂಡು, ಹತ್ತರವರೆಗೆ ಎಣಿಸಿ ಸೂಜಿ ತೆಗೆಯುತ್ತಾಳೆ. ಆಮೇಲೆ ಊಟ.

ಕೈ ತೊಳೆದದ್ದು ಬರೀ ಶುಚಿಗಾಗಿ ಅಲ್ಲ. ಮಾವಿನಹಣ್ಣು ತಿಂದ ಬೆರಳಿಗೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಹನಿಗೆ ಬೆರೆತು, ರಕ್ತದಲ್ಲಿ ಇಲ್ಲದ ಸಕ್ಕರೆಯನ್ನೂ ಯಂತ್ರ ತೋರಿಸಿಬಿಡುತ್ತದೆ. ಸ್ಟ್ರಿಪ್ಪಿನಲ್ಲಿ ಒಂದು ಕಿಣ್ವವನ್ನು ಒಣಗಿಸಿ ಇಟ್ಟಿರುತ್ತಾರೆ. ರಕ್ತದ ಗ್ಲುಕೋಸ್ ಅದರ ಜೊತೆ ಸೇರಿದಾಗ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಗ್ಲುಕೋಸ್ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. 142 ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 142 ಮಿಲಿಗ್ರಾಂ ಗ್ಲುಕೋಸ್ ಇದೆ ಎಂದರ್ಥ. ಮಧುಮೇಹ ಇಲ್ಲದವರಲ್ಲಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಇದು ಸಾಮಾನ್ಯವಾಗಿ 70ರಿಂದ 100ರೊಳಗೆ ಇರುತ್ತದೆ. ದೊಡ್ಡವರೊಬ್ಬರ ಮೈಯಲ್ಲಿರುವ ಅಷ್ಟೂ ರಕ್ತದ ಗ್ಲುಕೋಸನ್ನು ಒಟ್ಟುಮಾಡಿದರೂ ಸುಮಾರು ಐದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಆದೀತು. ಒಂದು ಹೊಟ್ಟೆತುಂಬ ಊಟದ ಮುದ್ದೆ, ಅನ್ನಗಳಿಂದ ಹುಟ್ಟುವ ಗ್ಲುಕೋಸ್ ಅದರ ಹತ್ತು ಪಟ್ಟಿಗೂ ಮಿಗಿಲು. ಅಷ್ಟು ಒಳಗೆ ಬಂದರೂ ರಕ್ತದಲ್ಲಿ ಆ ಒಂದು ಚಮಚದ ಹದ ತಪ್ಪದಂತೆ ದೇಹ ಕಾಯುತ್ತದೆ. ನನಗೆ ಇದು ಎಷ್ಟು ಸಲ ಯೋಚಿಸಿದರೂ ಬೆರಗು ಹುಟ್ಟಿಸುವ ಸಂಗತಿ.

ಈ ಕಾವಲು ಕೆಲಸ ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯದು. ಅದರೊಳಗೆ ಚಿಕ್ಕ ಚಿಕ್ಕ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಅವನ್ನು ಮೊದಲು ಗುರುತಿಸಿದ. ಆ ಗುಂಪಿನ ಬೀಟಾ ಕೋಶಗಳು ರಕ್ತದ ಸಕ್ಕರೆಯನ್ನು ಗಮನಿಸುತ್ತಲೇ ಇದ್ದು, ಬೇಕಾದಷ್ಟೇ ಇನ್ಸುಲಿನ್ ಬಿಡುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಮೂಟೆ ಎಷ್ಟೇ ಇರಲಿ, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತದೆ ಮನೆಗೆ ಅಕ್ಕಿ ಬರುವುದಿಲ್ಲ, ಅಲ್ಲವೆ? ಇನ್ಸುಲಿನ್ ಆ ಹೆಬ್ಬೆಟ್ಟಿನ ಕೆಲಸ ಮಾಡುತ್ತದೆ. ಅದಿಲ್ಲದಿದ್ದರೆ ರಕ್ತದಲ್ಲಿ ಗ್ಲುಕೋಸ್ ತುಂಬಿ ತುಳುಕುತ್ತಿದ್ದರೂ ಸ್ನಾಯುಗಳಿಗೆ ಉಪವಾಸ.

ಆ ಹುಡುಗಿಗಿರುವ ಟೈಪ್ 1 ಮಧುಮೇಹದಲ್ಲಿ ಆಗುವುದು ಇದೇ. ರೋಗಾಣುಗಳ ಮೇಲೆ ಬೀಳಬೇಕಾದ ನಮ್ಮದೇ ರಕ್ಷಣಾ ಪಡೆ ಬೀಟಾ ಕೋಶಗಳನ್ನು ಶತ್ರುಗಳೆಂದು ತಿಳಿದು ನಾಶಮಾಡುತ್ತದೆ. ಕಾರಣ ಇನ್ನೂ ಪೂರ್ತಿಯಾಗಿ ತಿಳಿದಿಲ್ಲ. ಆದರೆ ಒಂದು ಮಾತು ಖಚಿತ: ಅದು ಸಿಹಿ ತಿಂದದ್ದರಿಂದ ಬಂದದ್ದಲ್ಲ, ಅಮ್ಮ ಹೆಚ್ಚು ಚಾಕೊಲೇಟ್ ಕೊಡಿಸಿದ್ದರಿಂದಲೂ ಅಲ್ಲ. ಪಕ್ಕದಲ್ಲಿ ಕೂತರೆ, ಡಬ್ಬಿ ಹಂಚಿಕೊಂಡರೆ ಹರಡುವುದೂ ಇಲ್ಲ. ಅಜ್ಜ ಅಜ್ಜಿಯರಿಗೆ ಸಾಮಾನ್ಯವಾಗಿ ಬರುವ ಟೈಪ್ 2 ಶುಗರಿನ ದಾರಿಯೇ ಬೇರೆ. ಅವರ ಮಾತ್ರೆ, ಅವರ ಕಷಾಯ ಈ ಹುಡುಗಿಗೆ ಸಾಲದು. ಅವಳಿಗೆ ಬೇಕಾದದ್ದು ಇನ್ಸುಲಿನ್ನೇ, ಅದೂ ದಿನವೂ. ಮಾತ್ರೆಯ ಹಾಗೆ ನುಂಗುವಂತಿಲ್ಲ. ಇನ್ಸುಲಿನ್ ಪ್ರೋಟೀನ್ ಆದ್ದರಿಂದ ಬೇಳೆಯ ಪ್ರೋಟೀನಿನಂತೆ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ.

ನೂರು ವರ್ಷಗಳಿಗೂ ಹಿಂದೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಊಟವನ್ನೇ ಕಡಿದು ಕೆಲವು ತಿಂಗಳು ಆಯಸ್ಸು ಎಳೆಯುವುದಷ್ಟೇ ವೈದ್ಯರ ಕೈಲಿದ್ದದ್ದು. ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗ ಆಸ್ಪತ್ರೆಯಲ್ಲಿ ಮಲಗಿದ್ದ. ತೂಕ ಮೂವತ್ತು ಕಿಲೋ ಕೂಡ ಇರಲಿಲ್ಲ. 1922ರ ಜನವರಿ 11ರಂದು ಅವನಿಗೆ ಪ್ರಾಣಿಗಳ ಮೇದೋಜೀರಕದಿಂದ ತೆಗೆದ ರಸವನ್ನು ಚುಚ್ಚಿದರು. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಹಿಂದಿನ ಬೇಸಿಗೆಯಿಂದ ನಾಯಿಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ರಸ ಅದು. ಮೊದಲ ಸಲ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ರಸ ಶುದ್ಧವಿರಲಿಲ್ಲ, ಚುಚ್ಚಿದ ಜಾಗದಲ್ಲಿ ಕೀವಾಯಿತು. ಜೇಮ್ಸ್ ಕಾಲಿಪ್ ಎಂಬ ರಸಾಯನತಜ್ಞ ಹಗಲೂ ರಾತ್ರಿ ಕೂತು ಅದನ್ನು ಸೋಸಿ ಶುದ್ಧಗೊಳಿಸಿದ. ಜನವರಿ 23ರಂದು ಮತ್ತೆ ಚುಚ್ಚಿದಾಗ ಹುಡುಗನ ಸಕ್ಕರೆ ಇಳಿಯಿತು, ಮೈಗೆ ಚೈತನ್ಯ ಬಂತು. ಅವನು ಮತ್ತೆ ಹದಿಮೂರು ವರ್ಷ ಬದುಕಿದ. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು ಜಗತ್ತು ಮಧುಮೇಹ ದಿನವಾಗಿ ಆಚರಿಸುತ್ತದೆ. ನಮ್ಮಲ್ಲಿ ಅದು ಮಕ್ಕಳ ದಿನವೂ ಹೌದು. ಈಗಿನ ಇನ್ಸುಲಿನ್ ಪ್ರಾಣಿಗಳಿಂದ ಬರುವುದು ಬಲು ಅಪರೂಪ; ಮನುಷ್ಯನ ಇನ್ಸುಲಿನ್ನಿನ ಜೀನನ್ನು ಸೇರಿಸಿದ ಬ್ಯಾಕ್ಟೀರಿಯ ಅಥವಾ ಯೀಸ್ಟ್ ಅದನ್ನು ದೊಡ್ಡ ತೊಟ್ಟಿಗಳಲ್ಲಿ ತಯಾರಿಸುತ್ತವೆ.

ಇನ್ಸುಲಿನ್ ಸಿಕ್ಕಿತು, ಸರಿ. ಆದರೆ ಎಷ್ಟು ಹಾಕಿಕೊಳ್ಳಬೇಕು? ಬೀಟಾ ಕೋಶಗಳು ಯಾರಿಗೂ ಹೇಳದೆ ಕ್ಷಣಕ್ಷಣವೂ ಮಾಡುತ್ತಿದ್ದ ಲೆಕ್ಕವನ್ನು ಈಗ ಆ ಹುಡುಗಿ ತಲೆಯಲ್ಲಿ ಮಾಡಬೇಕು. ಹೋಳಿಗೆಗೆ ಎಷ್ಟು, ರಾಗಿ ಮುದ್ದೆಗೆ ಎಷ್ಟು, ಕಬಡ್ಡಿ ಇದ್ದರೆ ಎಷ್ಟು ಕಡಿಮೆ? ಬೆಲ್ಲವಾದರೆ ಪರವಾಗಿಲ್ಲ ಎನ್ನುವ ಹಿರಿಯರಿದ್ದಾರೆ; ರಕ್ತಕ್ಕೆ ಸೇರಿದ ಮೇಲೆ ಬೆಲ್ಲ, ಸಕ್ಕರೆ ಎರಡೂ ಒಂದೇ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಿನ್ನೆಯ ಉತ್ತರ ಇವತ್ತಿಗೆ ಹೊಂದುವುದಿಲ್ಲ. ಹದಿಹರೆಯದಲ್ಲಂತೂ ಹೊಂದುವುದೇ ಇಲ್ಲ. ಮೈ ಎತ್ತರಕ್ಕೆ ಬೆಳೆಯಲು ಬೇಕಾದ ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ. ಅದು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ಹಾಗಾಗಿ ರಾತ್ರಿಯಿಡೀ ಏನೂ ತಿನ್ನದಿದ್ದರೂ ಬೆಳಗಾಗುವ ಹೊತ್ತಿಗೆ ಸಕ್ಕರೆ ಏರಿರಬಹುದು. ಕೆಲವು ಹುಡುಗಿಯರಿಗೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಏರುತ್ತದೆ. ಪರೀಕ್ಷೆಯ ಭಯಕ್ಕೆ ಏರುತ್ತದೆ, ಜ್ವರಕ್ಕೆ ಏರುತ್ತದೆ. ಸಂಜೆ ಚೆನ್ನಾಗಿ ಆಡಿದರೆ ನಡುರಾತ್ರಿ ಇಳಿಯುತ್ತದೆ.

ಆದ್ದರಿಂದ ಯಂತ್ರ 260 ತೋರಿಸಿದ ಕೂಡಲೇ ‘ಏನು ತಿಂದೆ?’ ಎಂದು ಗದರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಆ ಅಂಕೆ ಪರೀಕ್ಷೆಯ ಅಂಕವಲ್ಲ, ಮುಂದೇನು ಮಾಡಬೇಕೆಂದು ಹೇಳುವ ಮಾಹಿತಿ. ಬೈಗುಳಕ್ಕೆ ಹೆದರಿದ ಮಕ್ಕಳು ಸಕ್ಕರೆಯ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಸುಳ್ಳು ಅಂಕೆ ಬರೆಯತೊಡಗುತ್ತಾರೆ. ಗೆಳೆಯರು ನೋಡಿ ನಕ್ಕರೆ ಶೌಚಾಲಯದ ಮೂಲೆಯಲ್ಲಿ ನಿಂತು ಚುಚ್ಚಿಕೊಳ್ಳುತ್ತಾರೆ, ಇಲ್ಲವೆ ಚುಚ್ಚಿಕೊಳ್ಳುವುದನ್ನೇ ಬಿಡುತ್ತಾರೆ. ಬಿಡುವುದು ತುಂಬ ಅಪಾಯ. ಇನ್ಸುಲಿನ್ ಇಲ್ಲದೆ ಹಸಿದ ದೇಹ ಕೊಬ್ಬನ್ನು ಕರಗಿಸತೊಡಗಿ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರುತ್ತವೆ. ವಾಂತಿ, ಹೊಟ್ಟೆನೋವು, ಏದುಸಿರು, ಹಣ್ಣಿನ ವಾಸನೆಯ ಉಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪೆನ್ನಿನ ಬದಲು ಬಾಟಲಿಯಿಂದ ಸಿರಿಂಜಿಗೆ ಇನ್ಸುಲಿನ್ ಎಳೆದುಕೊಳ್ಳುವವರು ಸಿರಿಂಜಿನ ಮುಚ್ಚಳದ ಬಣ್ಣ ನೋಡಲೇಬೇಕು. ನಮ್ಮಲ್ಲಿ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ಬಾಟಲಿಗಳಿವೆ, 100 ಯೂನಿಟ್ ಇರುವವೂ ಇವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಬರುವುದು 25 ಯೂನಿಟ್! ಬೇಕಿದ್ದರೆ ನೀವೇ ಲೆಕ್ಕ ಹಾಕಿ ನೋಡಿ. ಇನ್ನು ಬಿಸಿಲು. ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಂಥ ಸೆಕೆಗೆ ಇನ್ಸುಲಿನ್ ಸತ್ವ ಕಳೆದುಕೊಳ್ಳುತ್ತದೆ. ಫ್ರಿಜ್ ಇಲ್ಲದ ಮನೆಗಳಲ್ಲಿ ಮಣ್ಣಿನ ಮಡಕೆ ನೆರವಾಗುತ್ತದೆ. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ನೀರು ತಾಗದಂತೆ ಡಬ್ಬಿಯಲ್ಲಿ ಮುಚ್ಚಿ ಬಾಟಲಿಯನ್ನು ಅದರೊಳಗೆ ಇಡಬಹುದು.

ಆಟ, ಓದು, ಪ್ರವಾಸ ಯಾವುದನ್ನೂ ಬಿಡಬೇಕಿಲ್ಲ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂಗೆ ಮಧುಮೇಹ ಇರುವುದು ತಿಳಿದದ್ದು 1997ರಲ್ಲಿ. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿ, 2003ರ ವಿಶ್ವಕಪ್ಪಿನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ಪಡೆದರು. ಅಲ್ಲಿಯವರೆಗೆ ಆ ಸಂಖ್ಯೆ ಮುಟ್ಟಿದವರು ಯಾರೂ ಇರಲಿಲ್ಲ. ಟೈಪ್ 1 ಇರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷೆಯ ಕೋಣೆಗೆ ತಿಂಡಿ, ನೀರು ಒಯ್ಯಬಹುದೆಂದು ಸಿಬಿಎಸ್‌ಇ 2017ರಲ್ಲಿ ಅನುಮತಿ ಕೊಟ್ಟಿತು.

ಆ ಹುಡುಗಿಯ ಗೆಳೆಯರಾದ ನಿಮಗೆ ಒಂದು ಕೆಲಸವಿದೆ. ಇನ್ಸುಲಿನ್ ಹೆಚ್ಚಾಗಿಯೋ ಊಟ ತಡವಾಗಿಯೋ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅವಳ ಕೈ ನಡುಗುತ್ತದೆ, ಬೆವರುತ್ತಾಳೆ, ಮಂಕಾಗುತ್ತಾಳೆ, ಸುಮ್ಮಸುಮ್ಮನೆ ರೇಗುತ್ತಾಳೆ. ಆ ಸಿಟ್ಟು ಮಿದುಳಿಗೆ ಗ್ಲುಕೋಸ್ ಸಾಲದೆ ಬಂದದ್ದು; ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿಗೆ ಹಾಕಿ ಕೂಡಲೇ ಕುಡಿಸಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಲಿ. ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಆ ಹೊತ್ತಿನಲ್ಲಿ ಟೀಚರ್ ಕೋಣೆಗೆ ಅವಳೊಬ್ಬಳನ್ನೇ ಕಳಿಸಬೇಡಿ. ನೀವೊಬ್ಬರು ಜೊತೆಗಿದ್ದು ಇನ್ನೊಬ್ಬರು ಓಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ದೊಡ್ಡವರನ್ನು ಕೂಗಿ 108ಕ್ಕೆ ಫೋನ್ ಮಾಡಿಸಿ.