ನವಜಾತ ಶಿಶುವಿನ ಮಿದುಳು ಮತ್ತು ಆಮ್ಲಜನಕದ ಲೆಕ್ಕ

ಹೆರಿಗೆ ಕೋಣೆಯ ಹೊರಗೆ ಕಾದು ಕುಳಿತವರ ಕಿವಿ ಮೊದಲು ಅರಸುವುದು ಶಿಶುವಿನ ಅಳುವನ್ನು. ಆ ಅಳುವಿನೊಂದಿಗೆ ಶ್ವಾಸಕೋಶಗಳು ಅರಳುತ್ತವೆ. ಅದುವರೆಗೆ ಹೊಕ್ಕುಳಬಳ್ಳಿಯ ಮೂಲಕ ತಾಯಿಯಿಂದ ದೊರೆಯುತ್ತಿದ್ದ ಆಮ್ಲಜನಕವನ್ನು ಶಿಶುವು ಸ್ವತಃ ಗಾಳಿಯಿಂದ ಪಡೆಯತೊಡಗುತ್ತದೆ. ಈ ಬದಲಾವಣೆಯು ಕೆಲವೇ ನಿಮಿಷಗಳಲ್ಲಿ ನಡೆಯಬೇಕು. ನಡೆಯದೆ ಹೋದಲ್ಲಿ ಶಾಶ್ವತ ಹಾನಿಯ ಭೀತಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಮಿದುಳಿಗೆ. ಬದುಕುಳಿದ ಮಕ್ಕಳಲ್ಲಿ ಕೆಲವರು ಕೈಕಾಲುಗಳ ಬಿಗಿತ, ಅಪಸ್ಮಾರ, ಕಲಿಕೆಯ ತೊಂದರೆ ಇವುಗಳನ್ನು ಹೊತ್ತು ಬೆಳೆಯಬೇಕಾಗುತ್ತದೆ.

ವಯಸ್ಕರಲ್ಲಿ ಮಿದುಳಿನ ತೂಕ ದೇಹದ ತೂಕದ ಸುಮಾರು ಶೇ. 2ರಷ್ಟು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಭಾಗ ಅದಕ್ಕೇ ಸಲ್ಲುತ್ತದೆ. ನವಜಾತ ಶಿಶುವಿನಲ್ಲಿ ಮಿದುಳು ದೇಹದ ತೂಕದ ಶೇ. 10ಕ್ಕೂ ಹೆಚ್ಚು. ಇಷ್ಟು ದೊಡ್ಡ ಗಿರಾಕಿಗೆ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಉಗ್ರಾಣವೇ ಇಲ್ಲ. ಕ್ಷಣಕ್ಷಣವೂ ರಕ್ತ ತಂದುಕೊಟ್ಟದ್ದನ್ನೇ ಅದು ನೆಚ್ಚಿಕೊಂಡಿದೆ.

ಭಾರತದಲ್ಲಿ ನವಜಾತ ಶಿಶು ಶುಶ್ರೂಷೆಯು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದುದರಲ್ಲಿ ದೆಹಲಿಯ ಪಾತ್ರ ಹಿರಿದು. ಕಲಾವತಿ ಸರಣ್ ಮಕ್ಕಳ ಆಸ್ಪತ್ರೆ ಹಾಗೂ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎರಡೂ ಆರಂಭವಾದುದು 1956ರಲ್ಲಿ. ಡಾ. ಮೆಹರ್‌ಬಾನ್ ಸಿಂಗ್, ಅವರ ತರುವಾಯ ಡಾ. ವಿನೋದ್ ಪಾಲ್ ಮೊದಲಾದವರು ಈ ಸಂಸ್ಥೆಯಲ್ಲಿ ಶಿಶು ಘಟಕವನ್ನು ಬೆಳೆಸಿದರು. ರಾಷ್ಟ್ರೀಯ ನವಜಾತ ಶಿಶು ತಜ್ಞರ ವೇದಿಕೆಯು 1980ರಲ್ಲಿ ಸ್ಥಾಪನೆಗೊಂಡಿತು. ಘಾಜಿಯಾಬಾದ್, ಫರೀದಾಬಾದ್, ಗುರುಗ್ರಾಮಗಳಲ್ಲಿ ಜನಿಸಿ ಉಸಿರಾಟಕ್ಕೆ ಕಷ್ಟಪಡುವ ಶಿಶುಗಳನ್ನು ರಾಜಧಾನಿಯ ದೊಡ್ಡ ಆಸ್ಪತ್ರೆಗಳಿಗೆ ಕರೆತರುವುದುಂಟು. ಹಾಗೆ ಬಂದ ಮಗುವಿನ ಮಿದುಳಿಗೆ ದಾರಿಯಲ್ಲಿ ಏನಾಗಿರಬಹುದೆಂಬುದು ವೈದ್ಯರನ್ನು ಕಾಡುವ ಮೊದಲ ಪ್ರಶ್ನೆ.

ಮಿದುಳು ಎಷ್ಟು ಆಮ್ಲಜನಕವನ್ನು ಬಳಸುತ್ತಿದೆ ಎಂಬುದನ್ನು ಅಳೆಯುವ ವಿಧಾನವನ್ನು ಅಮೆರಿಕದ ಕೆಟಿ ಮತ್ತು ಸ್ಮಿಡ್ತ್ ಎಂಬ ವಿಜ್ಞಾನಿಗಳು 1945ರಲ್ಲಿ ರೂಪಿಸಿದ್ದರು. ಅದಕ್ಕಾಗಿ ಕತ್ತಿನ ಅಭಿಧಮನಿಗೆ ಸೂಜಿ ಚುಚ್ಚಿ ಮತ್ತೆ ಮತ್ತೆ ರಕ್ತ ತೆಗೆಯಬೇಕಾಗಿತ್ತು. ಒಂದು ಕಿಲೋಗ್ರಾಂ ತೂಗುವ ಹಸುಗೂಸಿನ ಮೈಯಲ್ಲಿರುವ ಒಟ್ಟು ರಕ್ತವೇ ನೂರು ಮಿಲಿಲೀಟರಿನ ಆಸುಪಾಸು. ಅಂಥ ಮಗುವಿನಲ್ಲಿ ಈ ಪ್ರಯೋಗವನ್ನು ಯೋಚಿಸುವುದೂ ಕಷ್ಟ.

ದಾರಿ ತೋರಿದ್ದು ಬೆಳಕು. ಕತ್ತಲೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಬೆರಳುಗಳ ಸಂದಿಯಲ್ಲಿ ಕೆಂಪು ಹೊಳಪು ಕಾಣುವುದು ಎಲ್ಲರಿಗೂ ತಿಳಿದದ್ದೇ. ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಇನ್ನೂ ಆಳಕ್ಕೆ ಇಳಿಯುತ್ತವೆ. ಸುಮಾರು 700ರಿಂದ 900 ನ್ಯಾನೋಮೀಟರ್ ಅಲೆಯುದ್ದದ ಈ ಕಿರಣಗಳು ಮೂಳೆಯನ್ನೂ ದಾಟಿ ಮಿದುಳನ್ನು ತಲುಪಬಲ್ಲವೆಂದು ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ 1977ರಲ್ಲಿ ಪ್ರಕಟಿಸಿದರು. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಕೊಟ್ಟು ಬರಿದಾದ ಹಿಮೋಗ್ಲೋಬಿನ್ ಈ ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಹಿಂತಿರುಗಿದ ಬೆಳಕನ್ನು ಅಳೆದರೆ ಎರಡರ ಪಾಲು ತಿಳಿಯುತ್ತದೆ. 1980ರ ದಶಕದ ನಡುವೆ ಅಮೆರಿಕ ಹಾಗೂ ಲಂಡನ್ನಿನ ತಜ್ಞರು ಈ ವಿಧಾನವನ್ನು ನವಜಾತ ಶಿಶುಗಳಲ್ಲಿ ಬಳಸಿದರು. ಎಳೆಯ ತಲೆಬುರುಡೆ ತೆಳುವಾಗಿರುವುದು ಇಲ್ಲಿ ಅನುಕೂಲವೇ ಆಯಿತು.

ಲೆಕ್ಕ ಸರಳ. ಹಣೆಯ ಮೇಲೆ ಅಂಟಿಸಿದ ಪಟ್ಟಿಯು ಮಿದುಳಿನ ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇ. 72 ಎಂದು ತೋರಿಸುತ್ತದೆ ಎನ್ನೋಣ. ಬಲಗೈಗೆ ಕಟ್ಟಿದ ನಾಡಿ ಮಾಪಕವು ಅಪಧಮನಿಯಲ್ಲಿ ಅದು ಶೇ. 96 ಎನ್ನುತ್ತದೆ. ವ್ಯತ್ಯಾಸ 24, ಅಂದರೆ ಬಂದ ಆಮ್ಲಜನಕದ ಕಾಲು ಭಾಗವನ್ನು ಮಿದುಳು ತೆಗೆದುಕೊಂಡಿದೆ. ಹಣೆಯ ಅಂಕಿ 48ಕ್ಕೆ ಇಳಿದಲ್ಲಿ ಅರ್ಧ ಭಾಗವನ್ನೇ ಹೀರುತ್ತಿದೆ, ಪೂರೈಕೆ ಸಾಲದಾಗಿದೆ ಎಂದು ಊಹಿಸಬಹುದು. ಹಾಗಾದರೆ ಅಂಕಿ ಹೆಚ್ಚಿದಷ್ಟೂ ಕ್ಷೇಮವೇ? ಅಲ್ಲ. ತೀವ್ರವಾಗಿ ಉಸಿರುಗಟ್ಟಿದ ಶಿಶುವಿನಲ್ಲಿ ಒಂದು ದಿನ ಕಳೆದ ಬಳಿಕ ಈ ಅಂಕಿ 90ರ ಸಮೀಪಕ್ಕೆ ಏರುವುದುಂಟು. ರಕ್ತ ಧಾರಾಳವಾಗಿ ಬರುತ್ತಿದೆ, ಆದರೆ ಗಾಯಗೊಂಡ ಜೀವಕೋಶಗಳು ಆಮ್ಲಜನಕವನ್ನು ತೆಗೆದುಕೊಳ್ಳಲಾರದೆ ಹೋಗಿವೆ. ನೋಡುವವರಿಗೆ ನೆಮ್ಮದಿ ನೀಡುವ ಅಂಕಿಯೇ ವೈದ್ಯರಿಗೆ ದುಃಸೂಚನೆ.

ಹೀಗೆ ದೊರೆಯುವುದು ಪಾಲು ಮಾತ್ರ, ಒಟ್ಟು ಬಳಕೆಯಲ್ಲ. ಒಟ್ಟು ಬಳಕೆ ತಿಳಿಯಲು ರಕ್ತದ ಹರಿವೂ ತಿಳಿದಿರಬೇಕೆಂಬ ಸೂತ್ರವನ್ನು ಜರ್ಮನಿಯ ಅಡಾಲ್ಫ್ ಫಿಕ್ 1870ರಷ್ಟು ಹಿಂದೆಯೇ ಹೇಳಿದ್ದರು. ಕಾಂತೀಯ ಅನುರಣನ ಚಿತ್ರಣವು, ಅಂದರೆ ಎಂ.ಆರ್.ಐ., ಇವೆರಡನ್ನೂ ಒಟ್ಟಿಗೆ ಒದಗಿಸಬಲ್ಲದು. ಬರಿದಾದ ಹಿಮೋಗ್ಲೋಬಿನ್‌ಗೆ ಕಾಂತಗುಣವಿದೆಯೆಂದು ಪೌಲಿಂಗ್ ಮತ್ತು ಕೊರಿಯೆಲ್ 1936ರಲ್ಲಿ ತೋರಿಸಿದ್ದರು; ಆ ಗುಣವನ್ನೇ ಆಧರಿಸಿ ಮಿದುಳಿನಿಂದ ಹೊರಹೋಗುವ ದೊಡ್ಡ ಅಭಿಧಮನಿಯಲ್ಲಿ ಉಳಿದ ಆಮ್ಲಜನಕವನ್ನು ಸೂಜಿಯಿಲ್ಲದೆ ಅಳೆಯಲಾಗುತ್ತದೆ. ದೆಹಲಿಗೆ ಹೊಂದಿಕೊಂಡ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಮಿದುಳಿನ ಅಧ್ಯಯನಕ್ಕಾಗಿ ಇಂಥ ಯಂತ್ರವಿದೆ. ಆದರೆ ಕೃತಕ ಉಸಿರಾಟದ ಮೇಲಿರುವ ಶಿಶುವನ್ನು ಆ ಯಂತ್ರದವರೆಗೆ ಒಯ್ಯುವುದೇ ದೊಡ್ಡ ಸಾಹಸ. ಹಣೆಯ ಪಟ್ಟಿಗೆ ಆ ತೊಡಕಿಲ್ಲ.

ಅಳತೆ ದೊರೆತ ಮಾತ್ರಕ್ಕೆ ಶಿಶು ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 17 ದೇಶಗಳಲ್ಲಿ 28 ವಾರಗಳಿಗೆ ಮುನ್ನ ಜನಿಸಿದ 1,601 ಶಿಶುಗಳ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೊದಲ ಮೂರು ದಿನ ಹಣೆಯ ಅಂಕಿಯನ್ನು ನೋಡಿ ಚಿಕಿತ್ಸೆ ನೀಡಿದರೂ ಮರಣ ಅಥವಾ ತೀವ್ರ ಮಿದುಳು ಹಾನಿ ಕಡಿಮೆಯಾಗಲಿಲ್ಲ. ಉಸಿರುಗಟ್ಟಿದ ಶಿಶುವಿನ ಮೈಯನ್ನು ತಂಪಾಗಿಸಿ ಮಿದುಳಿನ ಆಮ್ಲಜನಕದ ಬೇಡಿಕೆಯನ್ನು ತಗ್ಗಿಸುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ನೀಡಿತ್ತು. ಬೆಂಗಳೂರೂ ಸೇರಿದಂತೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಫಲಿಸಲಿಲ್ಲ. ತಂಪಾಗಿಸಿದವರಲ್ಲಿ ಮರಣವೇ ಹೆಚ್ಚಾಗಿತ್ತು. ಹೊರಗಿನ ವಿಧಾನಗಳನ್ನು ಇಲ್ಲಿಯೂ ಪರೀಕ್ಷಿಸಿಯೇ ಒಪ್ಪಬೇಕೆಂಬ ತಜ್ಞರ ಹಟಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಮೈಬಣ್ಣ ಗಾಢವಾಗಿದ್ದಲ್ಲಿ ನಾಡಿ ಮಾಪಕವು ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದೆಂಬುದೂ ಭಾರತೀಯರಿಗೆ ಗಮನಾರ್ಹ. ಹಾಗೆಂದು ಆಮ್ಲಜನಕವನ್ನು ಧಾರಾಳವಾಗಿ ಕೊಡುವಂತೆಯೂ ಇಲ್ಲ. ಅವಧಿಪೂರ್ವ ಶಿಶುವಿಗೆ ಅದು ಅತಿಯಾದರೆ ಕಣ್ಣಿನ ಅಕ್ಷಿಪಟಲ ಕೆಡುತ್ತದೆ.

2020ರಲ್ಲಿ ಭಾರತದಲ್ಲಿ ಜನಿಸಿದ ಪ್ರತಿ ಸಾವಿರ ಶಿಶುಗಳಲ್ಲಿ 20 ಶಿಶುಗಳು ಮೊದಲ ನಾಲ್ಕು ವಾರಗಳಲ್ಲಿಯೇ ಅಸುನೀಗಿದವು. ಅಳದ ಮಗುವಿಗೆ ಮೊದಲ ನಿಮಿಷದಲ್ಲಿಯೇ ಚೀಲ ಮತ್ತು ಮುಖವಾಡದಿಂದ ಉಸಿರು ತುಂಬುವ ತರಬೇತಿಯನ್ನು ಹೆರಿಗೆ ಮಾಡಿಸುವ ಸಿಬ್ಬಂದಿಗೆ ನೀಡಲು ಕೇಂದ್ರ ಸರ್ಕಾರವು 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ಶಿಶುವಿಗೆ ಉಚಿತ ಚಿಕಿತ್ಸೆ ಹಾಗೂ ಸಾಗಣೆಯ ವ್ಯವಸ್ಥೆಯನ್ನು ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು 2011ರಲ್ಲಿ ಕಲ್ಪಿಸಿತು.

ನಾಡಿ ಮಾಪಕವನ್ನು ಬಲಗೈಗೇ ಏಕೆ ಕಟ್ಟುತ್ತಾರೆ ಎಂದು ಪೋಷಕರು ಕೇಳುವುದುಂಟು. ಮಿದುಳಿಗೆ ಹೋಗುವ ರಕ್ತವೇ ಬಲಗೈಗೂ ಹರಿಯುತ್ತದೆ. ದೇಹದ ಕೆಳಭಾಗಕ್ಕೆ ಹೋಗುವ ರಕ್ತದಲ್ಲಿ ಹುಟ್ಟಿದ ಆರಂಭದಲ್ಲಿ ಬೆರಕೆಯಿರಬಹುದು. ಜನನದ ಒಂದು ನಿಮಿಷದ ಬಳಿಕ ಅದರಲ್ಲಿ ಶೇ. 60ರಿಂದ 65 ಕಂಡರೆ ಗಾಬರಿಪಡಬೇಕಾಗಿಲ್ಲ. ಆರೋಗ್ಯವಂತ ಶಿಶುವಿನಲ್ಲಿಯೂ ಆ ಅಂಕಿ 85ನ್ನು ದಾಟಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ.